ಬ್ರೇಕ್ ಒತ್ತಿದರೆ ಆರುವ ದೀಪ

2024ರ ಆಷಾಢದ ಒಂದು ಸಂಜೆ, ಮೈಸೂರಿನ ಹುಣಸೂರು ರಸ್ತೆಯ ಸಿಗ್ನಲ್ಲಿನಲ್ಲಿ ನಮ್ಮ ಹಳೆಯ ಅಂಬಾಸಿಡರ್ ಕಾರನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದೆ. ಜಿಟಿಜಿಟಿ ಮಳೆಯಲ್ಲಿ ನೆನೆಯುತ್ತಲೇ ಸ್ಕೂಟರಿನಲ್ಲಿ ಪಕ್ಕಕ್ಕೆ ಬಂದ ಹುಡುಗನೊಬ್ಬ ಕಿಟಕಿಯ ಗಾಜು ತಟ್ಟಿ, "ಅಂಕಲ್, ನೀವು ಬ್ರೇಕ್ ಹಿಡಿದ್ರೆ ಎಡಗಡೆ ಲೈಟು ಆರಿಹೋಗ್ತಿದೆ, ನೋಡ್ಕೊಳ್ಳಿ" ಎಂದು ಹೇಳಿ, ನಾನು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಮುಂದೆ ಹೋಗಿಬಿಟ್ಟ. ಆ ಹುಡುಗ ಹೇಳಿದ ಮಾತಿನಲ್ಲಿ ನಮ್ಮ ಕಾರಿನ ರೋಗ ಯಾವುದು, ಅದು ಎಲ್ಲಿದೆ ಎಂಬುದೆಲ್ಲ ಪೂರ್ತಿಯಾಗಿ ಇತ್ತು. ಅದನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಮರುದಿನ ಗ್ಯಾರೇಜಿಗೆ ಹೋಗಿ ಮಿಸ್ತ್ರಿಗೆ ನಾನು ಹೇಳಿದ್ದು, "ಬ್ರೇಕ್ ಲೈಟು ಸರಿಯಾಗಿ ಉರೀತಿಲ್ಲ" ಎಂದು. ಆರಿಹೋಗುವುದಕ್ಕೂ ಉರಿಯದೆ ಇರುವುದಕ್ಕೂ ನಡುವೆ ಇರುವ ವ್ಯತ್ಯಾಸ ನನಗೆ ಅರ್ಥವಾಗಲು ಮೂರು ವಾರ ಹಿಡಿಯಿತು.

ಕಾರು 1984ರಲ್ಲಿ ತಂದೆಯವರು ಕೊಂಡ ಮಾರ್ಕ್ 4 ಪೆಟ್ರೋಲ್ ಗಾಡಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಐವತ್ತರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ಈ ಕಾರಿನ ಮೈಕಟ್ಟು ಹೇಗೆ ಹೆಚ್ಚು ಬದಲಾಗಲಿಲ್ಲವೋ ಹಾಗೆಯೇ ಅದರ ವಿದ್ಯುತ್ತಿನ ಏರ್ಪಾಡೂ ಬಹುಕಾಲ ಹಳೆಯ ಬ್ರಿಟಿಷ್ ಕಾರುಗಳ ಜಾಡಿನಲ್ಲಿಯೇ ಉಳಿದಿತ್ತು. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಹೆಚ್ಚಿನ ಪಾಲು ಆ ಕಾಲದ ಮಾರಿಸ್, ಆಸ್ಟಿನ್ ಕಾರುಗಳನ್ನು ಇಟ್ಟುಕೊಂಡವರಿಗೂ ಹೊಂದೀತು. ಅಂದಹಾಗೆ, ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಮ್ಮ ದೇಶದಲ್ಲಿ ವಿಂಟೇಜ್ ಎನ್ನಿಸಿಕೊಳ್ಳಲು ಗಾಡಿಗೆ ಐವತ್ತು ವರ್ಷ ದಾಟಿರಬೇಕು. ನಮ್ಮದಕ್ಕೆ ಆ ಗೌರವ ಇನ್ನೂ ದೂರ. ಸದ್ಯಕ್ಕೆ ಅದು ಐದು ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಗೆ ಹೋಗಿ ತಪಾಸಣೆ ಮಾಡಿಸಿಕೊಂಡು ನೋಂದಣಿ ನವೀಕರಿಸಿಕೊಳ್ಳಬೇಕಾದ ಮಾಮೂಲಿ ಹಳೆಯ ಗಾಡಿ, ಮತ್ತು ಆ ತಪಾಸಣೆಯ ಸರದಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬರುವುದಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಬ್ರೇಕ್ ದೀಪವನ್ನು ಕಡ್ಡಾಯ ಮಾಡಿವೆ. ನಿಯಮ ಇಲ್ಲದಿದ್ದರೂ, ಇಂದಿನ ಸಂಚಾರದಲ್ಲಿ ನಮ್ಮ ಹಿಂದೆ ಒಂದು ಮಾರು ಅಂತರದಲ್ಲಿ ಬರುವವರಿಗೆ ನಾವು ನಿಲ್ಲುತ್ತಿದ್ದೇವೆ ಎಂದು ತಿಳಿಸಲು ಬೇರೆ ದಾರಿಯಿಲ್ಲ.

ಮೊದಲು ಗ್ಯಾರೇಜಿನಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. ಹಗಲು ಹೊತ್ತು, ಕತ್ತಲಲ್ಲಿ ಹಿಂದೆ ಸದಾ ಉರಿಯುವ ಪಾರ್ಕಿಂಗ್ ದೀಪ ಹಾಕಿರಲಿಲ್ಲ. ನಾನು ಪೆಡಲ್ ಒತ್ತಿದೆ, ಮಿಸ್ತ್ರಿ ಹಿಂದೆ ನಿಂತು ನೋಡಿದರು. ಮೆಲ್ಲಗೆ ಒತ್ತಿದರೆ ಎರಡೂ ಬದಿಯಲ್ಲಿ ಏನೂ ಇಲ್ಲ; ಬಲವಾಗಿ ತುಳಿದರೆ ಬಲಗಡೆಯದು ಚೆನ್ನಾಗಿ ಹತ್ತಿಕೊಳ್ಳುತ್ತಿತ್ತು, ಎಡಗಡೆಯದು ಮಂಕಾಗಿ. "ಸ್ವಿಚ್ ಹೋಗಿದೆ ಸಾರ್, ಎಡಗಡೆ ಬಲ್ಬೂ ಹಳೇದು" ಎಂದರು. ಈಗಿನ ಕಾರುಗಳಲ್ಲಿ ಪೆಡಲ್ಲಿನ ಕಾಂಡಕ್ಕೆ ತಾಗಿಕೊಂಡೇ ಒಂದು ಪುಟ್ಟ ಸ್ವಿಚ್ ಇರುತ್ತದೆ. ಪೆಡಲ್ ಅಲುಗಿದರೆ ಸಾಕು, ದೀಪ ಹತ್ತುತ್ತದೆ. ನಮ್ಮ ಗಾಡಿಯಲ್ಲಿ ಹಾಗಿಲ್ಲ. ಬ್ರೇಕ್ ಪೈಪುಗಳು ಕವಲೊಡೆಯುವ ಕಡೆ ಹೆಬ್ಬೆರಳಿನ ಗಾತ್ರದ ಸ್ವಿಚ್ಚೊಂದನ್ನು ತಿರುಗಿಸಿ ಕೂರಿಸಿದ್ದಾರೆ. ಪೆಡಲ್ ಒತ್ತಿದಾಗ ಪೈಪಿನಲ್ಲಿ ಏರುವ ಬ್ರೇಕ್ ಆಯಿಲ್ಲಿನ ಒತ್ತಡವೇ ಅದರೊಳಗಿನ ತೆಳುವಾದ ಪೊರೆಯನ್ನು ತಳ್ಳಿ, ಒಂದು ತಾಮ್ರದ ಬಿಲ್ಲೆಯನ್ನು ಎರಡು ತುದಿಗಳಿಗೆ ತಾಗಿಸುತ್ತದೆ. ಎರಡು ಬ್ರೇಕ್ ಬಲ್ಬುಗಳ 42 ವ್ಯಾಟ್, ಅಂದರೆ ಸುಮಾರು ಮೂರೂವರೆ ಆಂಪಿಯರ್ ವಿದ್ಯುತ್ತು ಆ ಬಿಲ್ಲೆಯ ಮೂಲಕವೇ ಹಾಯಬೇಕು. ಪ್ರತಿ ಸಲ ಪೆಡಲ್ ಬಿಟ್ಟಾಗ ಅಲ್ಲೊಂದು ಸಣ್ಣ ಕಿಡಿ ಹಾರುತ್ತದೆ, ಪ್ರತಿ ಕಿಡಿಯೂ ಬಿಲ್ಲೆಯ ಮೇಲೆ ಒಂದಿಷ್ಟು ಮಸಿ ಬಿಡುತ್ತದೆ. ವರ್ಷಗಳು ಕಳೆದಂತೆ ಮಸಿ ದಪ್ಪವಾಗಿ, ಜೋರಾಗಿ ಒತ್ತಿದರೆ ಮಾತ್ರ ತಾಗುವ ಸ್ಥಿತಿಗೆ ಬರುತ್ತದೆ.

ಆದ್ದರಿಂದ ಮಿಸ್ತ್ರಿ ಹೇಳಿದ್ದು ಸುಳ್ಳಲ್ಲ. ಸ್ವಿಚ್ಚಿನ ಎರಡು ವೈರುಗಳನ್ನು ಕಳಚಿ, ಕೀಲಿ ಆನ್ ಮಾಡಿ, ಒಂದಕ್ಕೊಂದು ತಾಗಿಸಿದರು. ಬಲಗಡೆಯ ದೀಪ ಪೆಡಲಿನ ಹಂಗಿಲ್ಲದೆ ಥಳಥಳ ಹೊಳೆಯಿತು. ಸ್ವಿಚ್ಚನ್ನು ಪರೀಕ್ಷಿಸಲು ಇದಕ್ಕಿಂತ ಸುಲಭದ ಉಪಾಯ ಇಲ್ಲ, ಅರ್ಧ ನಿಮಿಷವೂ ಬೇಡ. ಹೊಸ ಸ್ವಿಚ್ಚನ್ನು ಕೈಯಲ್ಲಿ ಸಿದ್ಧವಾಗಿ ಹಿಡಿದುಕೊಂಡು ಹಳೆಯದನ್ನು ಬಿಚ್ಚಿ, ತೂತಿಗೆ ಬೆರಳು ಒತ್ತಿ, ಆಯಿಲ್ ಹೆಚ್ಚು ಸೋರುವ ಮೊದಲೇ ಹೊಸದನ್ನು ತಿರುಗಿಸಿ ಕೂರಿಸಿದ ಅವರ ಕೈಚಳಕವನ್ನು ನಾನು ಮೆಚ್ಚಿಕೊಂಡೆ. ಆದರೂ ಗಾಳಿ ಒಳಹೋಗಿ ಪೆಡಲ್ ಮೆತ್ತಗಾಗಿತ್ತು. ಬ್ರೇಕ್ ಆಯಿಲ್ಲಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರವಿರುವ ಎಡ ಹಿಂಚಕ್ರದಿಂದ ತೊಡಗಿ ನಾಲ್ಕೂ ಚಕ್ರಗಳ ಬ್ರೇಕ್ ಪೈಪುಗಳಿಂದ ಗಾಳಿ ತೆಗೆಯಬೇಕಾಯಿತು. ಈ ಕೆಲಸವನ್ನು ಮನೆಯಲ್ಲಿ ಮಾಡಹೊರಟವರು ಎರಡು ವಿಷಯ ನೆನಪಿಡಬೇಕು. ಬ್ರೇಕ್ ಆಯಿಲ್ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ತಿಂದುಹಾಕುತ್ತದೆ, ಕೂಡಲೇ ನೀರು ಹಾಕಿ ತೊಳೆಯಬೇಕು. ಮತ್ತು ನೋಡಲು ತದ್ರೂಪಾಗಿರುವ ಬೇರೆ ಗಾಡಿಯ ಸ್ವಿಚ್ಚುಗಳಿಗೆ ಥ್ರೆಡ್ ಬೇರೆ ಇರುತ್ತದೆ. ಎರಡು ಸುತ್ತು ಹೋಗಿ ಬಿಗಿಯಾದರೆ ಬಲವಂತ ಮಾಡದೆ ಅಂಗಡಿಗೆ ಹಿಂದಿರುಗಿಸುವುದೇ ಸರಿ, ಏಕೆಂದರೆ ಅಲ್ಲಿ ಸೋರಿದರೆ ಕಳೆದುಕೊಳ್ಳುವುದು ದೀಪವನ್ನಲ್ಲ, ಬ್ರೇಕನ್ನು.

ಎಡಗಡೆಗೆ ಹೊಸ ಬಲ್ಬನ್ನೂ ಹಾಕಿದರು. ಆಗಲೂ ಅದು ಬಲಗಡೆಯಷ್ಟು ಪ್ರಕಾಶವಾಗಿ ಉರಿಯಲಿಲ್ಲವೆಂಬುದು ನನ್ನ ಕಣ್ಣಿಗೆ ಬಿದ್ದಿತ್ತು. "ಗ್ಲಾಸು ಹಳೇದಲ್ವಾ ಸಾರ್, ಮಾಸಿದೆ" ಎಂಬ ಸಮಾಧಾನ ಸಿಕ್ಕಿತು. ಸ್ವಿಚ್ಚು, ಬಲ್ಬು, ಆಯಿಲ್ಲು, ಕೂಲಿ ಎಲ್ಲ ಸೇರಿ 1,300 ರೂಪಾಯಿ ಕೊಟ್ಟು ಮನೆಗೆ ಬಂದೆ.

ಹದಿನೈದು ದಿನಗಳ ನಂತರ ಒಂದು ರಾತ್ರಿ ಕಾರನ್ನು ಹಿಮ್ಮುಖವಾಗಿ ಕಾಂಪೌಂಡಿನೊಳಗೆ ತರುವಾಗ, ಹಿಂದಿನ ಗೋಡೆಯ ಮೇಲೆ ಬಿದ್ದಿದ್ದ ಎರಡು ಕೆಂಪು ಮಚ್ಚೆಗಳನ್ನು ಕನ್ನಡಿಯಲ್ಲಿ ನೋಡಿದೆ. ಬ್ರೇಕ್ ಒತ್ತಿದೆ. ಬಲಗಡೆಯ ಮಚ್ಚೆ ದೊಡ್ಡದಾಗಿ ಹರಡಿಕೊಂಡಿತು, ಎಡಗಡೆಯದು ಮಾಯವಾಯಿತು. ಕಾಲು ತೆಗೆದೆ, ಎಡಗಡೆಯದು ಮರಳಿ ಬಂತು. ಐದಾರು ಸಲ ಒತ್ತಿ ಬಿಟ್ಟು ನೋಡಿದೆ. ಸ್ಕೂಟರಿನ ಹುಡುಗ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಬಲ್ಬು ಸುಟ್ಟಿದ್ದರೆ ದೀಪ ಉರಿಯದೆ ಇರಬಹುದು, ಸ್ವಿಚ್ ಕೆಟ್ಟಿದ್ದರೂ ಉರಿಯದೆ ಇರಬಹುದು. ಆದರೆ ಚೆನ್ನಾಗಿ ಉರಿಯುತ್ತಿರುವ ಪಾರ್ಕಿಂಗ್ ದೀಪ ಬ್ರೇಕ್ ಒತ್ತಿದ ಕೂಡಲೇ ಆರುವುದಕ್ಕೆ ಅವೆರಡರಲ್ಲಿ ಯಾವುದೂ ಕಾರಣವಾಗಲಾರದು. ಅಂಥ ನಡವಳಿಕೆಗೆ ನನಗೆ ತೋಚುವ ಕಾರಣ ಒಂದೇ, ಅರ್ಥಿಂಗ್, ಅಂದರೆ ವಿದ್ಯುತ್ತು ಕಾರಿನ ಮೈಯ ಮೂಲಕ ಬ್ಯಾಟರಿಗೆ ಮರಳುವ ದಾರಿ, ಇಲ್ಲದಿರುವುದು.

ಇದು ಹೇಗೆಂದು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಈ ಇಡೀ ಪ್ರಸಂಗದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಭಾಗ ಇದೇ. ಅಂಬಾಸಿಡರ್‌ನ ಹಿಂದಿನ ದೀಪದಲ್ಲಿರುವುದು 21/5 ವ್ಯಾಟಿನ ಒಂದೇ ಬಲ್ಬು, ಅದರೊಳಗೆ ಕಾದು ಬೆಳಗುವ ಎರಡು ಎಳೆಗಳು (ಫಿಲಮೆಂಟ್): 5 ವ್ಯಾಟಿನದು ಪಾರ್ಕಿಂಗ್ ದೀಪಕ್ಕೆ, 21 ವ್ಯಾಟಿನದು ಬ್ರೇಕಿಗೆ. ಬಲ್ಬಿನ ಬುಡದಲ್ಲಿ ಸೀಸದ ಎರಡು ಬೊಟ್ಟುಗಳಿರುತ್ತವೆ, ಒಂದೊಂದು ಎಳೆಗೆ ಒಂದೊಂದು. ಎರಡೂ ಎಳೆಗಳ ಇನ್ನೊಂದು ತುದಿ ಮಾತ್ರ ಒಂದೇ ಕಡೆ, ಬಲ್ಬಿನ ಹಿತ್ತಾಳೆಯ ಕವಚಕ್ಕೆ, ಸೇರಿಕೊಂಡಿರುತ್ತದೆ. ಆ ಕವಚ ಹೋಲ್ಡರಿಗೆ ತಾಗಿ, ಹೋಲ್ಡರ್ ದೀಪದ ಲೋಹದ ಚೌಕಟ್ಟಿಗೆ ತಾಗಿ, ಚೌಕಟ್ಟು ಬೋಲ್ಟಿನ ಮೂಲಕ ಕಾರಿನ ಮೈಗೆ ತಾಗಿ, ಕಾರಿನ ಮೈಯೇ ತಂತಿಯಾಗಿ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಹೋಗಲು ವೈರು ಇದೆ, ಮರಳಲು ಪ್ರತ್ಯೇಕ ವೈರಿಲ್ಲ. ಈಗ ಆ ಚೌಕಟ್ಟು ಮೈಗೆ ಸರಿಯಾಗಿ ತಾಗುತ್ತಿಲ್ಲ ಎಂದಿಟ್ಟುಕೊಳ್ಳಿ. ಪಾರ್ಕಿಂಗ್ ದೀಪ ಹಾಕಿದಾಗ 5 ವ್ಯಾಟಿನ ಎಳೆಯ ಮೂಲಕ ಬಂದ ವಿದ್ಯುತ್ತು ಕವಚದವರೆಗೆ ಬಂದು ಮನೆಗೆ ಹೋಗಲು ದಾರಿ ಕಾಣದೆ, ಅದೇ ಬಲ್ಬಿನ 21 ವ್ಯಾಟಿನ ಎಳೆಯನ್ನು ಹಿಂದುಮುಂದಾಗಿ ಹಾದು, ಬ್ರೇಕಿನ ವೈರು ಹಿಡಿದು ಬಲಗಡೆಯ ದೀಪಕ್ಕೆ ಹೋಗಿ, ಅಲ್ಲಿಯ 21 ವ್ಯಾಟಿನ ಎಳೆಯ ಮೂಲಕ ಇಳಿದು, ಅಲ್ಲಿರುವ ಒಳ್ಳೆಯ ಅರ್ಥಿಂಗಿನಿಂದ ಬ್ಯಾಟರಿಯನ್ನು ಸೇರುತ್ತದೆ. ದಪ್ಪ ಎಳೆಗಳ ತಡೆ ತೀರ ಕಡಿಮೆಯಾದ್ದರಿಂದ ಅವು ಬೆಳಗುವುದಿಲ್ಲ. 5 ವ್ಯಾಟಿನದು ಮಾತ್ರ ಏನೂ ಆಗದಂತೆ ಉರಿಯುತ್ತದೆ. ಈ ಬಳಸುದಾರಿ ಇರುವುದರಿಂದಲೇ ನನಗೆ ಇಷ್ಟು ದಿನ ಅನುಮಾನ ಬಂದಿರಲಿಲ್ಲ. ಬ್ರೇಕ್ ಒತ್ತಿದ ತಕ್ಷಣ ಆ ಬ್ರೇಕಿನ ವೈರಿನಲ್ಲೂ 12 ವೋಲ್ಟ್ ಬಂದು ನಿಲ್ಲುತ್ತದೆ. ಬಲ್ಬಿನ ಎರಡೂ ಬೊಟ್ಟುಗಳಲ್ಲಿ ಒಂದೇ ಮಟ್ಟದ ವೋಲ್ಟೇಜು. ಎರಡೂ ಕಡೆ ನೀರಿನ ಮಟ್ಟ ಒಂದೇ ಆದ ಕಾಲುವೆಯಲ್ಲಿ ಹರಿವು ಎಲ್ಲಿಂದ ಬರಬೇಕು? ದೀಪ ಆರುತ್ತದೆ.

ಹಗಲಿನಲ್ಲಿ ಗ್ಯಾರೇಜಿನವರು ನೋಡಿದ ಮಂಕು ಬೆಳಕಿಗೂ ಇದೇ ಉತ್ತರ. ಪಾರ್ಕಿಂಗ್ ಹಾಕಿಲ್ಲದಾಗ ಬ್ರೇಕಿನ ವಿದ್ಯುತ್ತು 21 ವ್ಯಾಟಿನ ಎಳೆಯನ್ನು ಹಾದು, 5 ವ್ಯಾಟಿನ ಎಳೆಯಿಂದ ಹೊರಬಿದ್ದು, ಪಾರ್ಕಿಂಗ್ ವೈರಿನಲ್ಲಿರುವ ಉಳಿದ ದೀಪಗಳ ಮೂಲಕ ಮರಳುತ್ತಿತ್ತು. ಅಂದರೆ ಅವರು ಕಂಡದ್ದು ಬ್ರೇಕ್ ದೀಪವನ್ನೇ ಅಲ್ಲ, ಬ್ರೇಕ್ ಒತ್ತಿದಾಗ ಹತ್ತುತ್ತಿದ್ದ ಪಾರ್ಕಿಂಗ್ ದೀಪವನ್ನು. ಪಾಪ, ಗ್ಲಾಸಿನ ಮೇಲೆ ಸುಮ್ಮನೆ ಅಪವಾದ ಬಂದಿತ್ತು. ದೀಪದ ಪರೀಕ್ಷೆಯನ್ನು ಪಾರ್ಕಿಂಗ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ಮಾಡಬೇಕೆಂದು ಅಂದಿನಿಂದ ನಾನು ಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಮುಂದಿನ ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಡಿಕ್ಕಿ ತೆರೆದು ಕುಳಿತೆ. ಕಾಲೇಜಿಗೆ ಹೋಗುವ ಮಗಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಹೇಳಿದಾಗ ಬ್ರೇಕ್ ಒತ್ತುವ ಕೆಲಸ ಕೊಟ್ಟಿದ್ದೆ. ಅವಳು ಒಂದು ಕೈಯಲ್ಲಿ ಮೊಬೈಲು ಹಿಡಿದುಕೊಂಡೇ ಅದನ್ನು ನಿರ್ವಹಿಸಿದಳು. ಸಹಾಯಕರಿಲ್ಲದವರು ಸೀಟಿಗೂ ಪೆಡಲಿಗೂ ನಡುವೆ ತಕ್ಕ ಉದ್ದದ ಕೋಲೊಂದನ್ನು ಆನಿಸಿ ನಿಲ್ಲಿಸಿದರೂ ಕೆಲಸ ನಡೆಯುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಈ ಗಾಡಿಯಲ್ಲಿ ಕೀಲಿ ಆನ್ ಇದ್ದರಷ್ಟೇ ಬ್ರೇಕ್ ದೀಪ ಹತ್ತುವುದು, ಆದರೆ ಎಂಜಿನ್ ಓಡದೆ ಕೀಲಿ ಆನ್ ಆಗಿಯೇ ಉಳಿದರೆ ಎಂಜಿನ್ನಿಗೆ ಕಿಡಿ ಒದಗಿಸುವ ಇಗ್ನಿಷನ್ ಕಾಯಿಲ್ ಕಾದು, ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಸುಡುತ್ತವೆ. ಹಾಗಾಗಿ ನಾನು ಮೊದಲೇ ಕಾಯಿಲ್ಲಿಗೆ ಹೋಗುವ ವೈರನ್ನು ಕಳಚಿ, ತುದಿಗೆ ಟೇಪು ಸುತ್ತಿ ಬದಿಗಿಟ್ಟಿದ್ದೆ.

ಫ್ಯೂಸನ್ನು ನಾನು ಮುಟ್ಟಲೇ ಇಲ್ಲ. ಹಳೆಯ ಮಾದರಿಯ ಫ್ಯೂಸ್ ಪೆಟ್ಟಿಗೆಯಲ್ಲಿ ಕೀಲಿಯ ಹಿಡಿತದಲ್ಲಿರುವ ಒಂದೇ ಫ್ಯೂಸಿನಿಂದ ವೈಪರ್, ಇಂಡಿಕೇಟರ್, ಪೆಟ್ರೋಲ್ ಗೇಜು, ಬ್ರೇಕ್ ದೀಪ ಎಲ್ಲಕ್ಕೂ ವಿದ್ಯುತ್ತು ಹೋಗುತ್ತದೆ. ಇಂಡಿಕೇಟರ್ ಮಿನುಗುತ್ತಿದೆ ಎಂದರೆ ಫ್ಯೂಸ್ ಸರಿಯಾಗಿದೆ ಎಂದೇ ಅರ್ಥ. ಅಲ್ಲಿಂದ ಹಸಿರು ವೈರು ಸ್ವಿಚ್ಚಿಗೆ ಬರುತ್ತದೆ, ಸ್ವಿಚ್ಚಿನಿಂದ ಹಸಿರಿನ ಮೇಲೆ ನೇರಳೆ ಗೆರೆಯಿರುವ ವೈರು ಹಿಂದಕ್ಕೆ ಹೋಗುತ್ತದೆ. ನಲವತ್ತು ವರ್ಷಗಳ ಧೂಳು, ಗ್ರೀಸು ಕುಡಿದ ವೈರುಗಳ ಬಣ್ಣ ಗೊತ್ತಾಗಬೇಕಾದರೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ನಮ್ಮದರಲ್ಲಿ ಒರೆಸಿದ ಮೇಲೂ ನೇರಳೆ ಗೆರೆ ಬದನೆಕಾಯಿಯ ಸಿಪ್ಪೆ ಒಣಗಿದಂತೆ ಕಾಣುತ್ತಿತ್ತು.

ಈ ಕೆಲಸಕ್ಕೆ ಮಲ್ಟಿಮೀಟರಿಗಿಂತ ಎರಡು ವೈರು ಕಟ್ಟಿದ ಬಲ್ಬೇ ಮೇಲು ಎನ್ನುವ ಹಳೆಯ ಎಲೆಕ್ಟ್ರಿಷಿಯನ್ನರ ಮಾತನ್ನು ನಾನು ಬಹಳ ದಿನ ಮೂಢನಂಬಿಕೆ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಬಲ್ಬ್ ತೆಗೆದ ಖಾಲಿ ಹೋಲ್ಡರಿನಲ್ಲಿ, ಬಲ್ಬಿನ ಬ್ರೇಕ್ ಬೊಟ್ಟಿಗೆ ತಾಗುವ ಮೊನೆಗೂ ತುಕ್ಕು ಹಿಡಿದ ಚೌಕಟ್ಟಿಗೂ ಮೀಟರಿನ ಕಡ್ಡಿಗಳನ್ನು ತಾಗಿಸಿದಾಗ ಅದು 12 ವೋಲ್ಟಿಗಿಂತ ಹೆಚ್ಚೇ ತೋರಿಸಿತು. ನೋಡಿದರೆ ಎಲ್ಲವೂ ಸರಿಯಾಗಿದೆ! ಕಾರಣವೇನೆಂದರೆ ಮೀಟರು ಎಳೆದುಕೊಳ್ಳುವ ವಿದ್ಯುತ್ತು ನಗಣ್ಯ; ಅಷ್ಟು ಸಣ್ಣ ಹರಿವಿಗೆ ತುಕ್ಕಿನ ಸಂದೂ ಹೆದ್ದಾರಿಯೇ. ಅದೇ ಜಾಗಕ್ಕೆ 21 ವ್ಯಾಟಿನ ಬಲ್ಬನ್ನು ಕ್ಲಿಪ್ ಹಾಕಿ ಸಿಕ್ಕಿಸಿದಾಗ ಅದು ಕೆಂಪು ಕೂದಲಿನಷ್ಟೂ ಬೆಳಗಲಿಲ್ಲ. ಮೀಟರನ್ನು ಬಳಸಲೇಬೇಕೆಂದರೆ ಹೊರೆ ಇರುವಾಗ ಬಳಸಬೇಕು. ಬಲ್ಬನ್ನು ಹೋಲ್ಡರಿನಲ್ಲೇ ಬಿಟ್ಟು, ಮಗಳಿಗೆ "ಒತ್ತಮ್ಮ" ಎಂದು ಹೇಳಿ, ಮೀಟರಿನ ಒಂದು ಕಡ್ಡಿಯನ್ನು ದೀಪದ ಚೌಕಟ್ಟಿಗೂ ಇನ್ನೊಂದನ್ನು ಡಿಕ್ಕಿಯ ತಳದ ಬರಿಯ ಲೋಹಕ್ಕೂ ಹಿಡಿದೆ. ಎರಡೂ ಕಾರಿನ ಮೈಯೇ ಆದ್ದರಿಂದ ಅವುಗಳ ನಡುವೆ ಸೊನ್ನೆ ಇರಬೇಕು, ಹೆಚ್ಚೆಂದರೆ ಒಂದು ವೋಲ್ಟಿನ ಹತ್ತನೆಯ ಒಂದು ಭಾಗ. ಮೀಟರು 11 ದಾಟಿ ತೋರಿಸುತ್ತಿತ್ತು. ಬ್ಯಾಟರಿಯಿಂದ ಅಷ್ಟು ದೂರ ಬಂದ ವೋಲ್ಟೇಜೆಲ್ಲ ಆ ಒಂದು ಬೋಲ್ಟಿನ ಬಳಿ ನಿಂತುಬಿಟ್ಟಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ.

ಇನ್ನು ಆ ಬೋಲ್ಟಿಗೆ ಏನಾಗಿತ್ತು ಎಂಬ ಪ್ರಶ್ನೆ. ಎರಡು ವರ್ಷಗಳ ಹಿಂದೆ ಕಾರಿಗೆ ಟಿಂಕರಿಂಗ್ ಮಾಡಿಸಿ ಹೊಸದಾಗಿ ಬಣ್ಣ ಹೊಡೆಸಿದ್ದೆವು. ಎಡ ಹಿಂಭಾಗದ ಮಡ್‌ಗಾರ್ಡಿನಲ್ಲಿ ತುಕ್ಕು ತಿಂದಿದ್ದ ಕಡೆ ತಗಡು ಬೆಸೆದು, ಮೇಲ್ಮೈ ಸಮಮಾಡುವ ಪುಟ್ಟಿ ಬಳಿದು, ಪ್ರೈಮರ್ ಹೊಡೆದು, ಅದರ ಮೇಲೆ ಮೂರು ಕೋಟು ಬಿಳಿ ಬಣ್ಣ ಹಾಕಿದ್ದರು. ದೀಪವನ್ನು ಮರಳಿ ಜೋಡಿಸುವಾಗ ಹೊಳೆಯುವ ಆ ಬಣ್ಣದ ಮೇಲೆಯೇ, ರಬ್ಬರ್ ಗ್ಯಾಸ್ಕೆಟ್ ಇಟ್ಟು, ನಟ್ಟು ಬಿಗಿದಿದ್ದರು. ಒಳಗಡೆ ನಟ್ಟು ಕೂರುವ ಜಾಗಕ್ಕೂ ಬಣ್ಣ ತಾಗಿತ್ತು. ಮೊದಮೊದಲು ನಟ್ಟಿನ ಅಂಚು ಬಣ್ಣವನ್ನು ಕೆರೆದು ಅಷ್ಟಿಷ್ಟು ಲೋಹಕ್ಕೆ ತಾಗಿದ್ದಿರಬೇಕು. ಎರಡು ಮಳೆಗಾಲಗಳಲ್ಲಿ ಆ ಕೂದಲೆಳೆಯಷ್ಟು ಸಂಪರ್ಕಕ್ಕೂ ತುಕ್ಕು ಹಿಡಿದು ಕೊಂಡಿ ಕಳಚಿತ್ತು. ನೆರೆಯವರೆಲ್ಲ ಹೊಗಳಿದ, ನಾನೂ ಜಂಬಪಟ್ಟುಕೊಂಡ ಬಣ್ಣವೇ ಬೆಳಕಿಗೆ ಅಡ್ಡ ನಿಂತಿತ್ತು. ಹಳೆಯ ಕಾರಿಗೆ ಬಣ್ಣ ಹೊಡೆಸಿದ ಆರು ತಿಂಗಳಿಂದ ಎರಡು ವರ್ಷದೊಳಗೆ ಹಿಂದಿನ ದೀಪಗಳು ವಿಚಿತ್ರವಾಗಿ ಆಡತೊಡಗಿದರೆ, ನನ್ನನ್ನು ಕೇಳಿದರೆ, ಬೇರೆ ಯಾವುದನ್ನೂ ನೋಡುವ ಮೊದಲು ಇದನ್ನೇ ನೋಡಬೇಕು.

ದೀಪವನ್ನು ಕಳಚುವುದೇ ಅರ್ಧ ದಿನದ ಕೆಲಸವಾಯಿತು. ಕೆಂಪು ಗ್ಲಾಸೆಂದು ನಾವು ಕರೆಯುವುದು ವಾಸ್ತವವಾಗಿ ಪ್ಲಾಸ್ಟಿಕ್ಕು. ಬಿಸಿಲಿಗೆ ಒಣಗಿ ಹಪ್ಪಳದಂತಾಗಿರುತ್ತದೆ, ತಿರುಪಿನ ಮೇಲೆ ಜೋರು ತೋರಿಸಿದರೆ ಕಿವಿಯೇ ಮುರಿದುಬರುತ್ತದೆ. ತಿರುಪುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದು ಲೋಟ ಕಾಫಿ ಕುಡಿದು ಬಂದು, ಕಾಲು ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ಆಡಿಸುತ್ತ ಬಿಚ್ಚಿದೆ. ಒಳಗೆ ಹೋಲ್ಡರಿನ ತಳದಲ್ಲಿ ಸಣ್ಣ ಹಿತ್ತಾಳೆಯ ಮೊನೆಗಳೆರಡು ಕಾಣಿಸಿದವು. ಸ್ಪ್ರಿಂಗಿನ ಬಲದಿಂದ ಅವು ಬಲ್ಬಿನ ಬುಡಕ್ಕೆ ಒತ್ತಿಕೊಂಡಿರಬೇಕು; ಒಂದು ಹಾಗೆಯೇ ಇತ್ತು, ಇನ್ನೊಂದು ಹಸಿರು ಕಿಲುಬು ಹಿಡಿದು ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತ್ತು. ಬಲ್ಬಿನ ಬುಡದ ಸೀಸದ ಬೊಟ್ಟಿನಲ್ಲಿ ಆ ಮೊನೆ ತಾಗಿದ ಜಾಗದಲ್ಲಿ ಒಂದು ಕಪ್ಪು ಗುಳಿ. ಗುಳಿ ಬಿದ್ದ ಬೊಟ್ಟಿನ ಮೇಲೆ ಒಂದು ಹನಿ ಬೆಸುಗೆ ಇಟ್ಟರೆ ಬಲ್ಬು ಮತ್ತೆ ಬಳಕೆಗೆ ಬರುತ್ತದೆ, ಆದರೆ ಬಲ್ಬು ಹೊಸದೇ ಇದ್ದುದರಿಂದ ನಾನು ಮೊನೆಯನ್ನಷ್ಟೇ ಉಪ್ಪುಕಾಗದದಿಂದ ಉಜ್ಜಿ, ಸ್ಪ್ರಿಂಗನ್ನು ಎಳೆದು ಬಿಟ್ಟು, ಅದು ಚಿಮ್ಮುವಂತೆ ಮಾಡಿದೆ. ಬಲ್ಬನ್ನು ಮರಳಿ ಹಾಕುವಾಗ ಅದರ ಪಕ್ಕದ ಎರಡು ಪಿನ್ನುಗಳು ಬೇರೆಬೇರೆ ಎತ್ತರದಲ್ಲಿರುವುದನ್ನು ಗಮನಿಸಬೇಕು. ಅದು ಸರಿಯಾದ ದಿಕ್ಕಿನಲ್ಲಿ ಮಾತ್ರ ಕೂರಲೆಂದು ಮಾಡಿರುವ ಏರ್ಪಾಡು. ಸವೆದ ಹೋಲ್ಡರಿನಲ್ಲಿ ಬಲವಂತವಾಗಿ ತಿರುಗಿಸಿ ಉಲ್ಟಾ ಕೂರಿಸಿದ್ದನ್ನೂ ನೋಡಿದ್ದೇನೆ. ಆಗ ಪಾರ್ಕಿಂಗ್ ಹಾಕಿದರೆ ಕಣ್ಣು ಕೋರೈಸುತ್ತದೆ, ಬ್ರೇಕ್ ಒತ್ತಿದರೆ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ.

ಅರ್ಥಿಂಗಿಗೆ ಮಾಡಿದ ಚಿಕಿತ್ಸೆ ಸರಳ. ಡಿಕ್ಕಿಯ ಒಳಗಿನಿಂದ ನಟ್ಟು ಕೂರುವ ಜಾಗದಲ್ಲಿ ಐದು ಪೈಸೆಯ ನಾಣ್ಯದಷ್ಟು ಅಗಲಕ್ಕೆ ಬಣ್ಣ ಕೆರೆದು, ಲೋಹ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಹಲ್ಲುಗಳಿರುವ ವಾಷರ್ ಹಾಕಿ ಬಿಗಿದೆ. ಅಷ್ಟಕ್ಕೇ ಬಿಡಲು ಮನಸ್ಸು ಒಪ್ಪಲಿಲ್ಲ, ಏಕೆಂದರೆ ಬೆಸೆದ ತಗಡಿನ ಸುತ್ತ ಮತ್ತೆ ತುಕ್ಕು ಬರುವುದು ಖಂಡಿತ. ದೀಪದ ಚೌಕಟ್ಟಿನಿಂದ ಒಂದು ಕಪ್ಪು ವೈರನ್ನು ಬೇರೆಯಾಗಿಯೇ ಎಳೆದು, ತುದಿಗೆ ಲೋಹದ ಬಳೆಯಂಥ ಲಗ್ ಒತ್ತಿ, ಡಿಕ್ಕಿಯ ತಳದಲ್ಲಿ ಗಟ್ಟಿಯಾದ ಬೋಲ್ಟೊಂದಕ್ಕೆ ಕಟ್ಟಿದೆ. ಬಲಗಡೆಗೂ ಹಾಗೆಯೇ ಮಾಡಿದೆ. ಬಿಗಿದ ಮೇಲೆ ಎರಡೂ ಕಡೆ ವ್ಯಾಸಲೀನ್ ಬಳಿದೆ. ಮೊದಲೇ ಬಳಿದು ಆಮೇಲೆ ಬಿಗಿಯುವವರೂ ಇದ್ದಾರೆ. ನನಗೆ ಬಿಗಿದ ಮೇಲೆ ಬಳಿಯುವುದೇ ಸರಿಯೆನ್ನಿಸುತ್ತದೆ. ಗಟ್ಟಿಯಾಗಿ ಹೋಗಿದ್ದ ರಬ್ಬರ್ ಗ್ಯಾಸ್ಕೆಟ್ಟಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕಾಯಿತು. ಉತ್ಪಾದನೆ ನಿಂತು ಹತ್ತು ವರ್ಷವಾಗಿದ್ದರೂ ಅಲ್ಲಿ ಎರಡನೆಯ ಅಂಗಡಿಯಲ್ಲಿಯೇ ಸಿಕ್ಕಿತು, ಚೌಕಾಸಿಗೆ ಮಾತ್ರ ಜಾಗವಿರಲಿಲ್ಲ.

ಗ್ಯಾಸ್ಕೆಟ್ ಸಿಗುವವರೆಗಿನ ವಾರದಲ್ಲಿ, ಮಿಸ್ತ್ರಿ ಬಿಚ್ಚಿಕೊಟ್ಟಿದ್ದ ಹಳೆಯ ಸ್ವಿಚ್ಚನ್ನು ಕುತೂಹಲಕ್ಕೆಂದು ಗರಗಸದಲ್ಲಿ ಕೊಯ್ದು ನೋಡಿದೆ. ತಾಮ್ರದ ಬಿಲ್ಲೆ ಒಲೆಯ ಮೇಲಿಟ್ಟ ಕಾವಲಿಯ ತಳದಂತೆ ಕಪ್ಪಾಗಿತ್ತು. ನಡುವೆ ಒಂದೇ ಒಂದು ಸಾಸಿವೆ ಗಾತ್ರದ ಜಾಗ ಇನ್ನೂ ಕೆಂಪಗೆ ಉಳಿದಿತ್ತು. ಬಲವಾಗಿ ತುಳಿದಾಗ ತಾಗುತ್ತಿದ್ದದ್ದು ಅದಷ್ಟೇ. ಅದನ್ನು ಕಂಡ ಮೇಲೆ ಹೊಸ ಸ್ವಿಚ್ಚಿಗೂ ಅದೇ ಗತಿ ಬರಬಾರದೆಂದು ಒಂದು ರಿಲೇ, ಅಂದರೆ ಸಣ್ಣ ವಿದ್ಯುತ್ತಿನ ಅಪ್ಪಣೆಯಿಂದ ದೊಡ್ಡ ವಿದ್ಯುತ್ತನ್ನು ಹಾಯಿಸುವ ಸ್ವಿಚ್ಚು, ಹಾಕಿದೆ. ಬ್ಯಾಟರಿಯಿಂದ 10 ಆಂಪಿಯರ್ ಫ್ಯೂಸಿನ ಮೂಲಕ ಹೊಸ ವೈರು ತಂದು ರಿಲೇಯಲ್ಲಿ 30 ಎಂದು ಗುರುತಿರುವ ತುದಿಗೆ, 87ರಿಂದ ಹಿಂದಿನ ದೀಪಗಳಿಗೆ, ಸ್ವಿಚ್ಚಿನಿಂದ ಬರುವ ವೈರು 86ಕ್ಕೆ, 85 ಮೈಗೆ. ಈಗ ಸ್ವಿಚ್ಚಿನ ಬಿಲ್ಲೆಯ ಮೇಲೆ ಮೂರೂವರೆ ಆಂಪಿಯರಿನ ಬದಲು ರಿಲೇಯ ಸುರುಳಿ ಬೇಡುವ ಒಂದು ಆಂಪಿಯರಿನ ಐದನೆಯ ಒಂದು ಭಾಗಕ್ಕಿಂತ ಕಡಿಮೆ ಹೊರೆ. ರಿಲೇಯೇ ಕೈಕೊಟ್ಟರೆ ಎರಡೂ ದೀಪ ಒಟ್ಟಿಗೆ ಹೋಗುತ್ತವಲ್ಲ ಎಂಬ ಆಕ್ಷೇಪವಿದೆ, ಅದು ನ್ಯಾಯವಾದದ್ದೇ. ಅದಕ್ಕಾಗಿ ಹಳೆಯ ವೈರುಗಳನ್ನು ಕತ್ತರಿಸದೆ, ರಸ್ತೆಬದಿಯಲ್ಲಿ ಎರಡು ನಿಮಿಷದಲ್ಲಿ ಮೊದಲಿನಂತೆ ಜೋಡಿಸಬಹುದಾದ ಕನೆಕ್ಟರುಗಳನ್ನೇ ಬಳಸಿದ್ದೇನೆ.

ಎಲ್‌ಇಡಿ ಬಲ್ಬು ಹಾಕಿದ್ದರೆ ರಿಲೇಯ ಗೊಡವೆಯೇ ಬೇಡವಾಗಿತ್ತು ಎಂದು ಹಲವರು ಹೇಳಿದರು. ಹೊರೆ ಕಡಿಮೆ, ಬೆಳಕು ಹೆಚ್ಚು, ಹತ್ತುವುದೂ ಬೇಗ, ಎಲ್ಲ ನಿಜ. ಹಾಕುವುದಾದರೆ ಕೆಂಪು ಗ್ಲಾಸಿನ ಹಿಂದೆ ಬಿಳಿಯದಲ್ಲ, ಕೆಂಪು ಎಲ್‌ಇಡಿಯನ್ನೇ ಹಾಕಬೇಕು. ನಾನು ಹಾಕದಿರುವುದಕ್ಕೆ ಕಾರಣ ಹಟ ಎಂದರೂ ನಡೆದೀತು. ಆ ದೀಪ ಹತ್ತುವಾಗ ಎಳೆ ಕಾದು ಮೆಲ್ಲಗೆ ಅರಳುವ ರೀತಿ, ಆರುವಾಗ ಒಂದು ಕ್ಷಣ ತಡೆದು ಆರುವ ರೀತಿ ನನಗೆ ಚಿಕ್ಕಂದಿನಿಂದ ಗೊತ್ತು; ಅದು ಪಟ್ಟನೆ ಹತ್ತಿ ಪಟ್ಟನೆ ಆರುವುದನ್ನು ನೋಡಲು ಸದ್ಯಕ್ಕೆ ಮನಸ್ಸಿಲ್ಲ.

ಎಲ್ಲ ಜೋಡಿಸಿ ಮತ್ತೆ ಅಳೆದಾಗ, ಬ್ರೇಕ್ ಒತ್ತಿರುವಾಗ ಚೌಕಟ್ಟಿಗೂ ಡಿಕ್ಕಿಯ ಲೋಹಕ್ಕೂ ನಡುವೆ 0.04 ವೋಲ್ಟ್ ಮಾತ್ರ ಇತ್ತು. ಸೆಪ್ಟೆಂಬರಿನ ತಪಾಸಣೆಯಲ್ಲಿ ಅಧಿಕಾರಿಗಳು ಬ್ರೇಕ್ ದೀಪ ನೋಡಲು ತೆಗೆದುಕೊಂಡದ್ದು ಎರಡು ಸೆಕೆಂಡು.

ಅದಕ್ಕೆ ಮೊದಲು ಮನೆಯಲ್ಲೇ ಒಂದು ತಪಾಸಣೆ ನಡೆದಿತ್ತು. ಓಡುವಾಗ, ಗುಂಡಿಗಳಲ್ಲಿ ಕುಲುಕುವಾಗ ದೀಪ ಹೇಗಿರುತ್ತದೆಂದು ಹಿಂದಿನಿಂದ ನೋಡಬೇಕಾಗಿತ್ತು. ಹಾಗಾಗಿ ಕಾರು ಓಡಿಸಲು ತಂದೆಯವರನ್ನೇ ಕೇಳಿಕೊಂಡು, ನಾನು ಸ್ಕೂಟರಿನಲ್ಲಿ ಹಿಂಬಾಲಿಸಿದೆ. ಅವರಿಗೀಗ ಎಪ್ಪತ್ತೆಂಟು, ಬಡಾವಣೆಯಿಂದಾಚೆ ಓಡಿಸುವುದಿಲ್ಲ, ಒಳಗೆ ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಕತ್ತಲಾಗುತ್ತಿತ್ತು, ಪಾರ್ಕಿಂಗ್ ಹಾಕಿದ್ದರು. ಮೊದಲ ತಿರುವಿನಲ್ಲಿ ಎರಡೂ ಕೆಂಪು ದೀಪಗಳು ಒಂದೇ ಸಮನೆ ಅರಳಿದವು. ಅದೇ ಕ್ಷಣಕ್ಕೆ ಬಲಗಡೆಯ ಕಿಟಕಿಯಿಂದ ಬಿಳಿ ಅಂಗಿಯ ತೋಳೊಂದು ಹೊರಬಂದು, ಅಂಗೈ ನೆಲಕ್ಕೆ ಮಾಡಿ, ನಿಧಾನಿಸುತ್ತಿದ್ದೇನೆ ಎನ್ನುವ ಸನ್ನೆಯಲ್ಲಿ ಮೂರು ಸಲ ಮೇಲೆ ಕೆಳಗೆ ಆಡಿ ಒಳಗೆ ಹೋಯಿತು. ಹಂಪ್ ಬಳಿಯೂ ಹಾಗೆಯೇ, ಹಾಲಿನ ಬೂತಿನ ಮುಂದೆಯೂ ಹಾಗೆಯೇ. ಮನೆ ಮುಟ್ಟುವವರೆಗೆ ಒಂದು ಸಲವೂ ದೀಪ ತಪ್ಪಲಿಲ್ಲ, ಕೈಯೂ ತಪ್ಪಲಿಲ್ಲ.